ಒಂದೇ ಸಾಲಿನಲ್ಲಿ ಕಳೆದುಹೋದ ಗೌರಮ್ಮ

ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ತಂಗಿ ಮನೆಯಲ್ಲಿ ಮಧ್ಯಾಹ್ನದ ಊಟ. ಅಷ್ಟರಲ್ಲಿ ಫೋನ್ ಬಂತು. ಸೀಟು ಸಿಕ್ಕ ದಿನವೇ ಇಂಥ ಫೋನ್ ಬರುವುದು.

"ಸಾ, ಎಲ್ಲಿದ್ದೀರಾ? ಒಂದ್ ಅಮ್ಮುಂದು ಹೆಸ್ರೇ ಇಲ್ಲ ಲಿಸ್ಟಲ್ಲಿ. ಬಿರ್‍ರನೆ ಬನ್ನಿ ಸಾ."

ಮಂಜಣ್ಣ. ಚನ್ನರಾಯಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಉಚಿತ ಕಣ್ಣಿನ ಶಿಬಿರ ನಡೆಸುವ ಮನುಷ್ಯ. ಪೊರೆ ಬಂದವರನ್ನು ವ್ಯಾನಿನಲ್ಲಿ ಹಾಸನಕ್ಕೆ ಕರೆತಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸುತ್ತಾನೆ. ಶಿಬಿರದ ಲ್ಯಾಪ್‌ಟಾಪಿನಿಂದ ಆಸ್ಪತ್ರೆಯ ಕಂಪ್ಯೂಟರಿಗೆ ವಿವರ ಕಳಿಸುವ ಪ್ರೋಗ್ರಾಂ ಬರೆದುಕೊಟ್ಟವನು ನಾನು. (ಸೇವೆ ಎಂದು ಒಪ್ಪಿಕೊಂಡೆ. ಅಂದಿನಿಂದ ನೆಮ್ಮದಿಯಾಗಿ ಒಂದು ಬಸ್ ಹತ್ತಿದ್ದಿಲ್ಲ.)

ಇಳಿದೆ. ಇನ್ನೇನು ಮಾಡಲಿ?

ಆಸ್ಪತ್ರೆಯ ಬೆಂಚಿನ ಮೇಲೆ ಆಕೆ ಕೂತಿದ್ದರು. ನುಗ್ಗೇಹಳ್ಳಿ ಕಡೆಯ ಗೌರಮ್ಮ. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಟವೆಲ್ಲು, ಬದಲಿ ಸೀರೆ.

"ಮೂರ್ನೇ ಸಲ ಕಣಪ್ಪಾ ಬಂದಿರಾದು. ಮೊದಲ್ನೇ ಸಲ ಸಕ್ರೆ ಜಾಸ್ತಿ ಅಂದ್ರು. ಆಮೇಕೆ ಕೆಮ್ಮು ವಾಸಿ ಮಾಡ್ಕಬಾ ಅಂದ್ರು. ಈಗ ಎಸ್ರೇ ಇಲ್ಲ ಅಂತವ್ರೆ. ಬಲಗಣ್ಣು ಆಗ್ಲೇ ಓಗೈತೆ. ಇದೂ ಓದ್ರೆ ಒಲೆ ಮುಂದೆ ಎಂಗ್ ಕೂರ್ಲಿ?"

ಸಿಸ್ಟರ್ ಪಟ್ಟಿ ತೋರಿಸಿದರು. "ಗೌರಮ್ಮ ಆಗ್ಲೇ ಒಳಗೆ ಹೋದ್ರು ಸರ್. ಪಟ್ಟಿಯಲ್ಲಿ ಇರೋದು ಒಂದೇ ಗೌರಮ್ಮ."

"ಅಂಗಾದ್ರೆ ನಾನ್ಯಾರು?" ಅಂದರು ಬೆಂಚಿನ ಮೇಲಿನ ಗೌರಮ್ಮ.

ಡಾಕ್ಟರು ಮಧ್ಯಾಹ್ನ ಅರಕಲಗೂಡಿಗೆ ಹೊರಡುವವರು. ಅಷ್ಟರೊಳಗೆ ಈಕೆಯ ವಿವರ ಸಿಗದಿದ್ದರೆ ನಾಲ್ಕನೇ ಸಲ ಬರಬೇಕು. ನಾನು ನನ್ನ ಕಸುಬಿನವರೆಲ್ಲ ಹೇಳುವುದನ್ನೇ ಹೇಳಿದೆ: "ಎಂಟ್ರಿ ಮಾಡಿರಲ್ಲ ಬಿಡಿ. ಎಂಟ್ರಿ ಮಾಡದಿದ್ದರೆ ಪ್ರೋಗ್ರಾಂ ಏನು ಮಾಡುತ್ತೆ?"

"ನಾನೇ ಕೂತ್ಕಂಡು ಮಾಡಿವ್ನಿ ಸಾ, ದೇವ್ರಾಣೆಗೂ" ಅಂದ ಮಂಜಣ್ಣ. ಸರಿ, ಫೈಲ್ ತೆರೆದೆ.

ಎಕ್ಸ್‌ಎಂಎಲ್ ಅಂತ ಅದರ ಹೆಸರು. ಪ್ರತಿಯೊಂದು ವಿವರದ ಹಿಂದೆ ಮುಂದೆ ಚೀಟಿ ಅಂಟಿಸಿರುತ್ತದೆ: ಇಲ್ಲಿಂದ ಹೆಸರು ಶುರು, ಇಲ್ಲಿಗೆ ಹೆಸರು ಮುಗೀತು, ಇಲ್ಲಿಂದ ಊರು, ಇಲ್ಲಿಗೆ ಊರು ಮುಗೀತು. ಮನುಷ್ಯರೂ ಓದಬಹುದು ಎನ್ನುವುದೇ ಇದರ ಹೆಗ್ಗಳಿಕೆ. ಓದಬಹುದು, ಸಾಲು ಬಿಡಿಸಿ ಬರೆದಿದ್ದರೆ! ಫೈಲ್ ಚಿಕ್ಕದಾಗಲಿ ಎಂದು ಸಾಲು ಬಿಡಿಸುವುದನ್ನು ನಾನೇ ತೆಗೆದುಹಾಕಿದ್ದೆ. (ಹಳ್ಳಿ ನೆಟ್‌ವರ್ಕ್ ಹೇಗಿರುತ್ತದೆ, ನಿಮಗೆ ಗೊತ್ತಲ್ಲ.) ಶಿಬಿರಕ್ಕೆ ಬಂದ ಅಷ್ಟೂ ಜನ ಒಂದೇ ಸಾಲಿನಲ್ಲಿ, ಹಬ್ಬದ ಮುಂಚಿನ ದಿನದ ಬಸ್ಸಿನಲ್ಲಿ ನಿಂತ ಹಾಗೆ ಒತ್ತಿಕೊಂಡಿದ್ದರು. ಸರಿಸಿದೆ, ಸರಿಸಿದೆ. ಕಣ್ಣು ಉರಿಯಿತು. ಏನೂ ತಿಳಿಯಲಿಲ್ಲ.

ಕೊನೆಗೆ ಕೂತು ನಾಲ್ಕು ಸಾಲು ಕೋಡ್ ಬರೆದೆ. ಒಂದೊಂದು ವಿವರಕ್ಕೂ ಒಂದೊಂದು ಸಾಲು. ಒಬ್ಬೊಬ್ಬರ ಹೆಸರಿನ ಕೆಳಗೆ ಅವರವರ ವಿವರ ಸ್ವಲ್ಪ ಒಳಕ್ಕೆ ಸರಿದು ನಿಲ್ಲಬೇಕು. ಅಷ್ಟೇ. ಹತ್ತು ನಿಮಿಷದ ಕೆಲಸ. ಇದನ್ನು ಒಂದು ವರ್ಷದಿಂದ ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದುಕೊಂಡೇ ಬಂದಿದ್ದೆ.

ಗೌರಮ್ಮ ಸಿಕ್ಕರು. ಹೆಸರು, ಊರು, ಹುಟ್ಟಿದ ದಿನ: ಜೂನ್ ಒಂದು. ಅದರ ಕೆಳಗೆ ಬಲಗಣ್ಣು, ಒಂದು ಲೆನ್ಸ್ ನಂಬರ್. ಅದರ ಕೆಳಗೇ ಮತ್ತೆ ಎಡಗಣ್ಣು, ಇನ್ನೊಂದು ಲೆನ್ಸ್ ನಂಬರ್. ಸಕ್ಕರೆಯ ಪರೀಕ್ಷೆಯೂ ಎರಡು. ಒಬ್ಬರಿಗೆ ಒಂದೇ ಬೆಳಿಗ್ಗೆ ಎರಡು ಸಲ ಸಕ್ಕರೆ ನೋಡುತ್ತಾರೆಯೇ?

"ಅಮ್ಮಾ, ಒಳಗೆ ಹೋದ ಗೌರಮ್ಮ ನಿಮ್ಮೂರಿನವರೇನಾ?"

"ಊಂ ಕಣಪ್ಪಾ, ತ್ವಾಟದ್ ಮನೆ ಗೌರಿ. ನಾನು ಬಾವಿ ಮನೆ ಗೌರಿ."

"ನಿಮ್ಮಿಬ್ಬರದೂ ಒಂದೇ ಹುಟ್ಟಿದ ದಿನಾನಾ?"

"ಅದ್ಯಾರಿಗ್ ಗೊತ್ತು? ಇಬ್ರುನ್ನೂ ಒಂದೇ ದಿನ ಇಸ್ಕೂಲ್ಗೆ ಸೇರ್ಸುದ್ರು. ಮೇಷ್ಟ್ರು ಒಂದೇ ದಿನ ಹುಟ್ಟುಸ್ಬುಟ್ರು."

ಸಿಸ್ಟರ್ ಕೈಯಲ್ಲಿದ್ದ ಪಟ್ಟಿಗೆ ಕೊನೆಯ ವಿವರವಷ್ಟೇ ಬಂದಿತ್ತು: ಗೌರಮ್ಮ, ಎಡಗಣ್ಣು. ಎಡಗಣ್ಣು ಬೆಂಚಿನ ಮೇಲಿದ್ದವರದು. ಒಳಗಿದ್ದವರದು ಬಲಗಣ್ಣು. ಓಡಿದೆ. ಪುಣ್ಯಕ್ಕೆ ಇನ್ನೂ ಟೇಬಲ್ ಹತ್ತಿಸಿರಲಿಲ್ಲ. ನನ್ನ ಪ್ರಿಂಟನ್ನು ಡಾಕ್ಟರು ಅರ್ಧ ನಿಮಿಷದಲ್ಲಿ ಓದಿ ಮುಗಿಸಿದರು.

"ಮೊದಲಿಂದಾನೂ ಇದನ್ನ ಹೀಗೇ ಕೊಡೋಕೆ ಏನ್ರೀ ಕಷ್ಟ?"

ಕಷ್ಟವೇನೂ ಇರಲಿಲ್ಲ. ಅದನ್ನೇ ಹೇಳಲು ನಾಚಿಕೆಯಾಯಿತು.

ಇಬ್ಬರದೂ ಆಪರೇಷನ್ ಆಯಿತು. ಡಾಕ್ಟರು ಅರಕಲಗೂಡಿಗೆ ತಡವಾಗಿ ಹೊರಟರು. ನಾನು ಬೆಂಚಿನ ಮೇಲೆ ಕೂತು ತಪ್ಪು ಹುಡುಕಿದೆ. ಹೆಚ್ಚು ಹುಡುಕಬೇಕಾಗಲಿಲ್ಲ. ನಮ್ಮ ಜನ ಯಾವುದಕ್ಕೂ ಇರಲಿ ಎಂದು ಎರಡೆರಡು ಸಲ ಹೆಸರು ಬರೆಸುತ್ತಾರೆ. ಅದಕ್ಕೇ ನಾನೊಂದು ನಿಯಮ ಹಾಕಿದ್ದೆ: ಹೆಸರು, ಊರು, ಹುಟ್ಟಿದ ದಿನ ಮೂರೂ ಒಂದೇ ಆದರೆ ಇಬ್ಬರನ್ನು ಒಬ್ಬರೆಂದು ತಿಳಿ. ಕಂಪ್ಯೂಟರು ಹಾಗೇ ತಿಳಿಯಿತು. ಬಾವಿ ಮನೆ ಯಾವುದು, ತೋಟದ ಮನೆ ಯಾವುದು ಎಂದು ಊರಿಗೆಲ್ಲ ಗೊತ್ತಿತ್ತು. ನನ್ನ ಫಾರಂನಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ.

ಎಷ್ಟು ಕಚೇರಿಗಳಲ್ಲಿ ನಾವು ಹೀಗೇ ಇದ್ದೇವೋ! ಹೆಸರೇನೋ ಒಳಗೆ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೌಂಟರಿನವರು ಇಲ್ಲ ಎನ್ನುತ್ತಾರೆ, ನಾವು ಸುಮ್ಮನೆ ಮನೆಗೆ ಹೋಗುತ್ತೇವೆ. ಗೌರಮ್ಮನ ಹಾಗೆ 'ನಾನ್ಯಾರು' ಎಂದು ಕೇಳುವವರು ಎಷ್ಟು ಜನ?

ಇನ್ನು ಆ ಜೂನ್ ಒಂದು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ನಮ್ಮ ಸೀಮೆಯ ಮೇಷ್ಟ್ರುಗಳು, ಸ್ಕೂಲು ಶುರುವಾಗುವ ಲೆಕ್ಕಕ್ಕೆ ಸರಿಹೋಗಲಿ ಎಂದು ಅದನ್ನೇ ಬರೆಯುತ್ತಿದ್ದರು. ನಿಮ್ಮ ಮನೆಯಲ್ಲೂ ಒಬ್ಬರಾದರೂ ಇರಬೇಕಲ್ಲ? ನಮ್ಮ ಮನೆಯಲ್ಲಿ ಇದ್ದಾರೆ. ಅವ್ವನ ಪ್ರಕಾರ ನಾನು ಹುಟ್ಟಿದ್ದು ಸಂಕ್ರಾಂತಿಯ ಮಾರನೇ ದಿನ. ಮಾರ್ಕ್ಸ್ ಕಾರ್ಡಿನ ಪ್ರಕಾರ ಜೂನ್ ಒಂದು.

ಆ ತಾರೀಖು ಸುಳ್ಳೆಂದು ಚಿಕ್ಕಂದಿನಿಂದಲೂ ಗೊತ್ತಿದ್ದವನೇ ಅದನ್ನು ನಂಬಿ ಪ್ರೋಗ್ರಾಂ ಬರೆದ ಮೇಲೆ, ಎಂಟ್ರಿ ಮಾಡಿದವರನ್ನು ಬೈದು ಏನು ಬಂತು?