ಸುಮೋ ತುಂಬ ಹಿತೈಷಿಗಳು

ಗಂಡ ಹೆಂಡತಿಯ ಕೌನ್ಸೆಲಿಂಗಿಗೆ ಎಷ್ಟು ಜನ ಹೋಗಬೇಕು? ಹೋದ ತಿಂಗಳು ನಾವು ಎಂಟು ಜನ ಹೋಗಿದ್ದೆವು. (ಡ್ರೈವರ್ ಸೇರಿ.)

ಐಡಿಯಾ ನನ್ನದೇ. ಹುಲ್ಲಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಹದೇವಸ್ವಾಮಿ ನನ್ನ ಚಿಕ್ಕಪ್ಪನ ಮಗ. ಹೆಂಡತಿ ಶೋಭಾ, ಬನ್ನೂರಿನ ಹುಡುಗಿ. ಮದುವೆಯಾಗಿ ನಾಲ್ಕು ವರ್ಷ. ಈಚೆಗೆ ಎಂಟು ತಿಂಗಳಿಂದ ಇಬ್ಬರ ನಡುವೆ ಮಾತೇ ಇರಲಿಲ್ಲ. ಹೊಡೆತವಿಲ್ಲ, ಕುಡಿತವಿಲ್ಲ, ಬೈಗುಳವೂ ಇಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾನೆ, ಎದ್ದು ಹೋಗುತ್ತಾನೆ. ಹಿರಿಯರು ಎರಡು ಸಲ ಕೂತು ನ್ಯಾಯ ಮಾಡಿದರು. ಎರಡು ಸಲವೂ ಇಬ್ಬರೂ ತಲೆಯಾಡಿಸಿ, ಮತ್ತೆ ಮೂಗರಾದರು. ಮೂರನೆಯ ಸಲ ಡೈವೋರ್ಸ್ ಎನ್ನುವ ಮಾತು ಬಂತು.

ಆಗ ನಾನು ಬಾಯಿ ಹಾಕಿದೆ. ಮೈಸೂರಿನಲ್ಲಿ ಇಂಥದ್ದಕ್ಕೇ ಒಬ್ಬರು ಮೇಡಂ ಇದ್ದಾರೆ, ಅಲ್ಲಿಗೆ ಹೋಗಿ ನೋಡಲಿ ಎಂದೆ.

“ಅದೇನು ಉಚ್ಚಾಸ್ಪತ್ರೆನಾ?” ಎಂದರು ಮಹದೇವನ ತಾಯಿ, ನಮ್ಮ ಚಿಕ್ಕವ್ವ.

ಹುಚ್ಚರ ಆಸ್ಪತ್ರೆ ಅಲ್ಲ ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಒಪ್ಪಿದ ಮೇಲೆ ಎಲ್ಲರೂ ಹೊರಟರು! ಹುಡುಗಿಯ ಅಪ್ಪ, ಅಮ್ಮ, ಸೋದರಮಾವ ಹಿಂದಿನ ದಿನವೇ ಬನ್ನೂರಿನಿಂದ ಬಂದಿಳಿದರು. ಗಂಡ ಹೆಂಡತಿಯ ಜಗಳಕ್ಕೆ ಅವರಿಬ್ಬರನ್ನೇ ಕಳಿಸುವುದು ನಮ್ಮ ಕಡೆ ಎಲ್ಲಾದರೂ ಉಂಟೇ? ಬಾಡಿಗೆಗೆ ಒಂದು ಸುಮೋ ಗೊತ್ತು ಮಾಡಿದೆವು.

ಮೇಡಂ ಬಾಗಿಲಲ್ಲಿ ನಮ್ಮ ದಂಡು ನೋಡಿ, “ಇವರಿಬ್ಬರು ಮಾತ್ರ ಒಳಗೆ ಬರಲಿ” ಎಂದರು.

“ನಾವಿಲ್ದೆ ಇವೆರಡೂ ಏನ್ ಮಾತಾಡವು ಮೇಡಮ್ಮೋರೇ?” ಎಂದ ಸೋದರಮಾವ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಒಂದೂಕಾಲು ಗಂಟೆ. ಚಿಕ್ಕವ್ವ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು. ನಾನು ಪೇಪರ್ ಹಿಡಿದು ಕೂತಿದ್ದೆ. (ಒಂದು ಸಾಲೂ ಓದಲಿಲ್ಲ.)

ಹೊರಗೆ ಬಂದಾಗ ಮಹದೇವ ಮುಖ ತೊಳೆದುಕೊಂಡಿದ್ದ. ನಮ್ಮೆಲ್ಲರ ಚಪ್ಪಲಿ ರಾಶಿಯಲ್ಲಿ ಶೋಭಾಳದನ್ನು ಹುಡುಕಿ, ಕಾಲಿನಿಂದಲೇ ಮೆಲ್ಲಗೆ ಅವಳ ಕಡೆ ಸರಿಸಿದ. ಅವಳು ತಲೆ ತಗ್ಗಿಸಿ ಹಾಕಿಕೊಂಡಳು. ಮುಂದಿನ ಗುರುವಾರ ಮತ್ತೆ ಬರಬೇಕು ಎಂದರು ಮೇಡಂ. ನನಗಾದ ಖುಷಿ ಅಷ್ಟಿಷ್ಟಲ್ಲ.

ನಾನು ಅಲ್ಲಿಗೇ ಬಾಯಿ ಹೊಲಿದುಕೊಂಡಿದ್ದರೆ ಆಗುತ್ತಿತ್ತು.

ಸುಮೋ ಮೈಸೂರು ದಾಟುತ್ತಿದ್ದಂತೆ ಚಿಕ್ಕವ್ವ ಶುರು ಮಾಡಿದರು. “ಏನವ್ವಾ ಮಾತಾಡುದ್ರಿ ಒಳ್ಗೆ?”

“ಮೇಡಂ ಯಾರ್ಗೂ ಹೇಳ್ಬೇಡಿ ಅಂದವ್ರೆ ಅತ್ತೆ.”

“ಎತ್ತೋರ್ಗೂ ಏಳ್ಬಾರ್ದಂತಾ?” ಎಂದ ಸೋದರಮಾವ.

“ನನ್ ಮ್ಯಾಲೇ ಚಾಡಿ ಏಳವ್ಳೆ, ಇನ್ನೇನು” ಎಂದರು ಚಿಕ್ಕವ್ವ. ಪಾಪ, ಅವರಿಗೂ ಭಯ.

ಮುಂದಿನ ಸೀಟಿನಿಂದ ನಾನು ತಿರುಗಿದೆ. “ಪೂರ್ತಿ ಬೇಡ ಕಣಮ್ಮ ಶೋಭಾ. ಒಂದೆರಡು ಮಾತು ಹೇಳ್ಬಿಡು. ದೊಡ್ಡೋರ್ಗೂ ಸಮಾಧಾನ ಆಗ್ಲಿ.” (ದೊಡ್ಡವರದ್ದು ಬರೀ ನೆಪ. ಕೇಳುವ ಚಪಲ ನನ್ನದು.)

ಶೋಭಾ ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

“ನಿಮ್ಮನ್ನ ಯಾರೂ ಏನೂ ಅಂದಿಲ್ಲ ಅತ್ತೆ. ಇವ್ರು... ನನ್ ಕೈ ಹಿಡ್ಕೊಂಡು ಅತ್ಬುಟ್ರು” ಎಂದಳು.

ಎಷ್ಟು ಹೆಮ್ಮೆಯಿಂದ ಹೇಳಿದಳು ಗೊತ್ತೇ? ಅವಳ ಪಾಲಿಗೆ ಅದು ನಾಲ್ಕು ವರ್ಷಕ್ಕೆ ಬಂದ ಮೊದಲ ಸಿಹಿ ಸುದ್ದಿ.

“ಎಂಡ್ತಿ ಕೈ ಇಡ್ಕಂಡು ಅತ್ಬುಟ್ರಾ ಅಳಿಯಂದ್ರೇ!” ಎಂದು ಸೋದರಮಾವ ತೊಡೆ ತಟ್ಟಿ ನಕ್ಕ. ಡ್ರೈವರ್ ನಕ್ಕ. ಶೋಭಾಳ ಅಪ್ಪನೂ ನಕ್ಕರು. ಚಿಕ್ಕವ್ವ ಮಾತ್ರ ನಗಲಿಲ್ಲ. “ಅವ್ರಪ್ಪ ಸತ್ತಾಗ್ಲೂ ಕಣ್ಣೀರ್ ಆಕ್ನಿಲ್ಲ, ಈಗ ಇವ್ಳ್ ಮುಂದೆ ಅತ್ತನಂತೆ” ಎಂದರು.

ಕಡಕೊಳದ ಹತ್ತಿರ ಮಹದೇವ ಗಾಡಿ ನಿಲ್ಲಿಸಲು ಹೇಳಿ ಇಳಿದ. ಒಂದಕ್ಕೆ ಇರಬೇಕು ಎಂದುಕೊಂಡೆವು. ಅವನು ಬಸ್ಸು ಹತ್ತಿದ.

ಗುರುವಾರ ಶೋಭಾ ಒಬ್ಬಳೇ ಹೋದಳಂತೆ. ಬೆಂಚಿನ ಮೇಲೆ ಒಂದು ಗಂಟೆ ಕಾದು ಎದ್ದು ಹೋದಳು ಎಂದು ಮೇಡಂ ನನಗೆ ಫೋನ್ ಮಾಡಿದರು. ಶನಿವಾರ ಸೂಟ್‌ಕೇಸ್ ಹಿಡಿದು ಬನ್ನೂರಿಗೆ ಹೋದಳು. ಈಗ ಎರಡೂ ಕಡೆಯವರು ವಕೀಲರನ್ನು ಹುಡುಕುತ್ತಿದ್ದಾರೆ.

ಆಪರೇಷನ್ ಆದವರನ್ನು ಹೊಲಿಗೆ ಬಿಚ್ಚಿ ತೋರಿಸು ಎಂದು ನಾವು ಕೇಳುವುದಿಲ್ಲ. ಮನಸ್ಸಿನ ವಿಷಯಕ್ಕೆ ಬಂದರೆ ಮಾತ್ರ ನಮಗೆಲ್ಲ ಬಿಚ್ಚಿ ನೋಡಲೇಬೇಕು. ಅದಕ್ಕೆ ನಾವು ಇಟ್ಟಿರುವ ಹೆಸರು ಹಿತ ಬಯಸುವುದು. ಕೌನ್ಸೆಲಿಂಗ್ ಅಂದರೆ ಅವರಿಬ್ಬರು ಮಾತು ಕಲಿಯುವುದು ಎಂದುಕೊಂಡಿದ್ದೆ. ನಾವು ಸುಮ್ಮನಿರುವುದನ್ನೂ ಕಲಿಯಬೇಕಿತ್ತು ಎಂದು ಯಾರಿಗೂ ಹೊಳೆಯಲಿಲ್ಲ.

ಮೊನ್ನೆ ಭಾನುವಾರ ಅಂಗಡಿಗೆ ಹೋದೆ. ಮಹದೇವ ಸ್ಟೂಲು ಕೊಟ್ಟ, ಟೀ ತರಿಸಿದ. ಇನ್ನೊಂದೇ ಒಂದು ಸಲ ಮೇಡಂ ಹತ್ತಿರ ಹೋಗಿ ಬಾ, ಈ ಸಲ ನಿಮ್ಮಿಬ್ಬರನ್ನು ಬಿಟ್ಟು ಯಾರೂ ಬರುವುದಿಲ್ಲ ಎಂದೆ. ಆ ಸೋದರಮಾವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ.

ಅವನು ಟೀ ಲೋಟ ಕೆಳಗಿಟ್ಟು ಕೇಳಿದ:

“ಅವ್ರ್ದು ಬುಡಣ್ಣ. ಅವತ್ತು ನೀನ್ಯಾಕ್ ನಕ್ಕೆ?”