ಮುಸ್ತಫಾ ಇಡುವ ಬಿಳಿ ಬೊಟ್ಟು

ನವಲಗುಂದದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಯಮನೂರಿನ ದರ್ಗಾಕ್ಕೆ ಜನರನ್ನು ಒಯ್ಯುವ ಬಾಡಿಗೆ ಗಾಡಿಗಳು ಹೊರಡುವ ಮೊದಲೇ ಮುಸ್ತಫಾ ತಮ್ಮ ಅಂಗಡಿಯ ಮುಂದೆ ಒಂದು ಕಾರಿನ ಬಾಗಿಲು ಬಿಚ್ಚಿಕೊಂಡು ಕೂತಿದ್ದಾರೆ. ಒಳಗಿನ ಸ್ಪೀಕರಿನ ತುಂಬ ಎರೆಮಣ್ಣಿನ ಪುಡಿ. ಮೆತ್ತನೆಯ ಬ್ರಷ್‌ನಿಂದ ಅದನ್ನು ಕೊಡವಿ, ಬಿಟ್ಟುಹೋದ ವೈರು ಬೆಸೆದು, ಬಾಗಿಲು ಕೂಡಿಸಿ ಹಾಡು ಹಚ್ಚುತ್ತಾರೆ. ಆಮೇಲೆ ಅಂಗೈಯನ್ನು ಬಾಗಿಲ ಮೇಲಿಟ್ಟು ಸುಮ್ಮನೆ ನಿಲ್ಲುತ್ತಾರೆ. ಎಲ್ಲಿಯಾದರೂ ತಗಡು ನಡುಗುತ್ತಿದ್ದರೆ ಕೈಗೆ ತಿಳಿಯುತ್ತದೆ. ಕೊನೆಯ ಕೆಲಸ ಇನ್ನೂ ಸಣ್ಣದು. ವಾಲ್ಯೂಮ್ ಗುಂಡಿಯ ಪಕ್ಕ, ಬೆಂಕಿಕಡ್ಡಿಯ ತುದಿಯಿಂದ ಬಿಳಿ ಬಣ್ಣದ ಒಂದು ಬೊಟ್ಟು.

“ಇದಕ್ಕಿಂತ ಮುಂದ ತಿರುವಬ್ಯಾಡ.”

ಕಾರಿನ ಮಾಲೀಕ ತಿರಕಪ್ಪ ನಗುತ್ತಾರೆ. “ಹೆಂಡ್ತಿ ಮಾತ ಕೇಳಲಾರದವರು ನಿನ್ನ ಬೊಟ್ಟಿನ ಮಾತ ಕೇಳ್ತಾರೇನ್ಲೇ?”

ಮುಸ್ತಫಾ ಅವರಿಗೆ ಈಗ ಐವತ್ತರ ಹತ್ತಿರ. ತಂದೆ ಬುಡನಸಾಬ ಇದೇ ಜಾಗದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ರೇಡಿಯೊ ತರುವವರು ಕಡಿಮೆಯಾದಾಗ ಮಗ ಕಾರಿನ ಟೇಪಿಗೆ ಬಂದರು, ಟೇಪು ಹೋದ ಮೇಲೆ ಸಿ.ಡಿ., ಈಗ ಮೊಬೈಲಿಗೆ ಕೂಡುವ ಸೆಟ್ಟು. ದಿನಕ್ಕೆ ಮೂರು ನಾಲ್ಕು ಗಾಡಿ ಬರುತ್ತವೆ, ಮದುವೆಯ ದಿನಗಳಲ್ಲಿ ಇನ್ನಷ್ಟು. ಹೆಂಡತಿ ಮುಮತಾಜ್ ವೈರು ಜೋಡಿಸುತ್ತಾರೆ, ಗಿರಾಕಿಗಳ ಜೊತೆ ಜಗಳವನ್ನೂ ಅವರೇ ಆಡುತ್ತಾರೆ.

ಇವತ್ತು ತಿರಕಪ್ಪನ ಜೊತೆ ಮಗಳು ನೀಲಾ ಬಂದಿದ್ದಾಳೆ. ಒಂಬತ್ತನೆಯ ತರಗತಿ. ತಮ್ಮ ಸುತ್ತಲಿನದೇ ಒಂದು ವಿಷಯ ಆರಿಸಿ ಸಂಶೋಧನಾ ಪ್ರಬಂಧ ಬರೆಯಬೇಕೆಂದು ಶಾಲೆಯಲ್ಲಿ ಹೇಳಿದ್ದಾರೆ. ಕಾರಿನ ಸೌಂಡಿನ ಬಗ್ಗೆ ಬರೆಯುವ ಆಸೆ ಅವಳಿಗೆ. ಯಾವ ಸ್ಪೀಕರು ಎಲ್ಲಕ್ಕಿಂತ ಜೋರು ಎಂಬುದು ಅವಳು ತಂದಿರುವ ಪ್ರಶ್ನೆ.

“ಅದು ಡಬ್ಬಿ ಮ್ಯಾಲೇ ಬರದಿರತೈತಿ ನೀಲವ್ವಾ. ನೀ ಏನ ಹುಡುಕತಿ?” ಎನ್ನುತ್ತಾರೆ ಮುಸ್ತಫಾ.

ನೀಲಾ ಸ್ವಲ್ಪ ಯೋಚಿಸುತ್ತಾಳೆ. “ಹಂಗಾರ ಈ ಬೊಟ್ಟು ಯಾಕ ಇಡ್ತೀರಿ ಕಾಕಾ? ನೀವು ಇಟ್ಟಮ್ಯಾಲೆ ಡ್ರೈವರ್ ಮಂದಿ ಅಲ್ಲೇ ನಿಲ್ಲಸ್ತಾರೇನ್ರಿ?”

ಮುಸ್ತಫಾ ಉತ್ತರಿಸುವುದಿಲ್ಲ. ಅವಳು ಅವರ ಬಲಕ್ಕೆ ನಿಂತಿದ್ದಾಳೆ. ಮತ್ತೆ ಕೇಳಿದಾಗ ಒಳಗಿನಿಂದ ಮುಮತಾಜ್ ಲಗುಬಗೆಯಿಂದ ಬಂದು, “ಅವರಿಗೆ ಕೆಲಸ ಐತಿ ಬೇ, ಆಮ್ಯಾಲ ಕೇಳುವಂತಿ,” ಎಂದು ಹುಡುಗಿಯನ್ನು ಆಚೆ ಸರಿಸುತ್ತಾರೆ. ಪಕ್ಕಕ್ಕೆ ಬಂದು, ಪತ್ರಿಕೆಗೆ ಬರೆಯಲೆಂದು ಬಂದು ಕೂತಿರುವ ನನಗೆ ಮೆಲ್ಲಗೆ ಹೇಳುತ್ತಾರೆ: “ಬಲಗಿವಿ ಮಂದ ಆಗೇತ್ರಿ. ಇಷ್ಟ ವರ್ಷ ಬಾಗಲಾ ಹಾಕ್ಕೊಂಡು ಸ್ಪೀಕರಿಗೆ ತಲಿ ಹಚ್ಚಿ ಕುಂತದ್ದಕ್ಕ. ಮಂದಿಗೆ ಗೊತ್ತಿಲ್ಲ. ಬಸ್‌ಸ್ಟ್ಯಾಂಡ್ ಬಾಜೂಕ ಹೊಸಾ ಅಂಗಡಿ ಆಗ್ಯಾವ. ಕಿವಿ ಕೇಳಲಾರದಾಂವ ಸೌಂಡ್ ಏನ ಕೂಡಸ್ತಾನ ಅಂದ್ರ ನಮ್ಮದು ಮುಗೀತು.”

ಅವರ ಅಂಜಿಕೆ ಸುಳ್ಳಲ್ಲ. ಬಾಗಿಲ ಮೇಲೆ ಕೈಯಿಡುವುದು ಮುಸ್ತಫಾ ಅವರ ವಿಶೇಷ ಎಂದೇ ಗಿರಾಕಿಗಳು ತಿಳಿದಿದ್ದಾರೆ. ಕಿವಿಗೆ ಸಿಗದ ಸಣ್ಣ ಸದ್ದನ್ನು ಕೈ ಹುಡುಕುತ್ತಿದೆ ಎಂಬುದು ಮನೆಯವರಿಗಷ್ಟೇ ಗೊತ್ತು.

ಚಹಾ ಬರುತ್ತದೆ. ಮುಸ್ತಫಾ ಅರ್ಧ ಕುಡಿದು ಕಪ್ಪು ಕೆಳಗಿಡುತ್ತಾರೆ. “ಈ ಕಡೆ ಬಾರವಾ,” ಎಂದು ನೀಲಾಳನ್ನು ಎಡಕ್ಕೆ ಕರೆಯುತ್ತಾರೆ. “ಈಗ ಕೇಳು.”

ಅವಳು ಅದೇ ಪ್ರಶ್ನೆ ಕೇಳುತ್ತಾಳೆ. ಅವರು ಕಿವಿಯ ಸಂಗತಿ ಹೇಳುತ್ತಾರೆ, ತಿರಕಪ್ಪನ ಎದುರಿಗೇ. “ಡ್ರೈವರಗ ಹಿಂದಿನ ಹಾರ್ನ್ ಕೇಳಬೇಕು. ವಯಸ್ಸಾದಮ್ಯಾಲೆ ಮೊಮ್ಮಕ್ಕಳ ಮಾತೂ ಕೇಳಬೇಕು. ನನಗಾದದ್ದು ಅವರಿಗೆ ಆಗಬಾರದು ಅಂತ ಬೊಟ್ಟು.”

ಮುಮತಾಜ್ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಾರೆ. ತಿರಕಪ್ಪ ಬಗ್ಗಿ ಗುಂಡಿಯ ಪಕ್ಕದ ಬೊಟ್ಟನ್ನು ನೋಡುತ್ತಾರೆ. ಆಮೇಲೆ, “ಮೊದಲ ಹೇಳಬಾರದೇನ್ಲೇ? ಬಲಕ್ಕ ನಿಂತು ಬೈದದ್ದೆಲ್ಲಾ ದಂಡ ಆತಲ್ಲೋ,” ಎನ್ನುತ್ತಾರೆ. ಎಲ್ಲರಿಗಿಂತ ಮೊದಲು ನಗುವವರು ಮುಸ್ತಫಾ.

ನೀಲಾಳಿಗೆ ವಿಷಯ ಸಿಕ್ಕಿದೆ: ಕಾರು ಓಡಿಸುವವರು ಗುಂಡಿಯನ್ನು ಬೊಟ್ಟಿನ ಹತ್ತಿರ ನಿಲ್ಲಿಸುತ್ತಾರೆಯೇ, ದಾಟಿದರೆ ಯಾಕೆ ದಾಟುತ್ತಾರೆ? ಯಮನೂರಿನಲ್ಲಿ ಗಾಡಿಗಳು ನಿಲ್ಲುವಲ್ಲಿಗೆ ಹೋಗಿ ಕೇಳುತ್ತಾಳಂತೆ. “ಮೊದಲ ನಮ್ಮಪ್ಪನ್ನ ಕೇಳ್ತೀನಿ,” ಎಂದು ಕಾರು ಹತ್ತುತ್ತಾಳೆ. ತಿರಕಪ್ಪ ಗುಂಡಿಯನ್ನು ಬೊಟ್ಟಿನಿಂದ ತುಸು ಹಿಂದಕ್ಕೇ ತಿರುಗಿಸುತ್ತಾರೆ.

ಕಾರು ಹೋದ ಮೇಲೆ ನಾನು ಮುಸ್ತಫಾ ಅವರ ಎಡಕ್ಕೆ ಸರಿದು ಕೇಳುತ್ತೇನೆ. ಶಾಲೆಯ ಪ್ರಬಂಧವನ್ನು ಓದುವವರು ಕೆಲವೇ ಜನ, ಪತ್ರಿಕೆ ಎಲ್ಲ ಕಡೆ ಹೋಗುತ್ತದೆ. ಕಿವಿಯ ಮಾತು ಬಿಟ್ಟು ಬರೆಯಲೇ? ಒಮ್ಮೆ ಕೇಳಿ ಸಮಾಧಾನವಾಗದೆ ಇನ್ನೊಮ್ಮೆ ಕೇಳುತ್ತೇನೆ.

ಅವರು ಬ್ರಷ್ಷಿನ ಮಣ್ಣು ಕೊಡವುತ್ತ ಯೋಚಿಸುತ್ತಾರೆ. “ಬರೀರಿ ಅಕ್ಕಾರ. ಬೊಟ್ಟಿನ ಸುದ್ದಿ ಮೊದಲ ಬರೀರಿ. ಕಿವಿ ಸುದ್ದಿ ಆಮ್ಯಾಲ.”

ಮುಮತಾಜ್ ಮುಂದಿನ ಗಾಡಿಯ ವೈರು ಬಿಡಿಸುತ್ತ ಕೂತಿದ್ದಾರೆ. ತಲೆ ಎತ್ತದೆಯೇ ಹೇಳುತ್ತಾರೆ: “ಕೈ ಅಗದಿ ಚಲೋ ಐತಿ ಅಂತನೂ ಬರೀರಿ.”