ನಿಂಬೆಹಣ್ಣಿನ ಮೇಲೆ ನಿಂತ ಬೆಟ್ಟ

ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾದರೆ ನಾನು ಇವತ್ತಿಗೂ ಹೊದಿಕೆ ಹುಡುಕುತ್ತೇನೆ. ಹಾಸನದ ನಮ್ಮ ಬಾಡಿಗೆ ಮನೆಗೆ ಬಂದವರ ಮೊಬೈಲು ಮೇಜಿನ ಮೇಲೆ ಗುಂಯ್ ಎಂದು ನಡುಗಿದರೆ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ. "ಇವರು ಬೆಟ್ಟ ಅಳೆಯೋಕೆ ಹೋಗಿದ್ರು" ಎಂದು ಹೆಂಡತಿ ವಿವರಣೆ ಕೊಡುತ್ತಾಳೆ. ಬಂದವರು ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ.

ಭೂಗೋಳದಲ್ಲಿ ಎಂ.ಎ. ಮಾಡಿ ನಾನು ಸೇರಿದ್ದು ನಕ್ಷೆ ಸರಿಪಡಿಸುವ ಗುತ್ತಿಗೆ ಕೆಲಸಕ್ಕೆ. ಹಳೆಯ ನಕ್ಷೆಗಳಲ್ಲಿ ಬೆಟ್ಟಗಳ ಎತ್ತರ ತಪ್ಪಿದೆ, ಹೊಸದಾಗಿ ಅಳೆದು ವಿಂಗಡಿಸಬೇಕು ಎಂದು ಮೇಲಿನವರಿಗೆ ಅನ್ನಿಸಿತ್ತು. ಸುತ್ತಲಿನ ನೆಲದಿಂದ ಗೊತ್ತುಪಡಿಸಿದಷ್ಟು ಮೇಲೆದ್ದಿದ್ದರೆ ಬೆಟ್ಟ, ಒಂದು ಗೇಣು ಕಡಿಮೆಯಾದರೂ ಗುಡ್ಡ. ಈ ಗೆರೆ ಎಳೆದವರು ಮೊದಲ ಮಹಡಿಗೂ ಲಿಫ್ಟಿನಲ್ಲೇ ಹೋಗುವವರು. ಚನ್ನರಾಯಪಟ್ಟಣದ ಕಡೆ ನಾವು ಕೆಲವು ಬೆಟ್ಟಗಳನ್ನು ಗುಡ್ಡಗಳಾಗಿ ಇಳಿಸಿ ಬಂದೆವು. ಯಾರೂ ಜಗಳಕ್ಕೆ ಬರಲಿಲ್ಲ. ಮೇಯುತ್ತಿದ್ದ ಕುರಿಗಳು ತಲೆ ಕೂಡ ಎತ್ತಲಿಲ್ಲ.

ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ಮಾತ್ರ ಯಜಮಾನರೊಬ್ಬರು ನಮಗಾಗಿ ಕಾದಿದ್ದರು. ಅವರು ಮಗಳನ್ನು ಕೊಟ್ಟಿದ್ದು ರಸ್ತೆಯಾಚೆಯ ಊರಿಗೆ. ಆ ಊರಿನ ಬೆಟ್ಟ ಹಿಂದಿನ ವಾರವಷ್ಟೇ ನಮ್ಮ ಕೈಯಲ್ಲಿ ಪಾಸಾಗಿತ್ತು. ಇವರದ್ದು, ಕೆಳಗಿನಿಂದ ಮಾಡಿದ ಅಂದಾಜಿನಲ್ಲಿ, ಒಂದು ಆಳೆತ್ತರ ಕಡಿಮೆ ಬಿದ್ದಿತ್ತು. ಸುದ್ದಿ ಮುಟ್ಟಿ ಅವರ ಬೀಗರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬೆಳಿಗ್ಗೆಯೇ ಹಾಜರಾಗಿದ್ದರು, ಬೀಗರ ಬೆಟ್ಟ ಗುಡ್ಡವಾಗುವುದನ್ನು ಕಣ್ಣಾರೆ ನೋಡಲು.

"ಬ್ಯಾಸ್ರ ಮಾಡ್ಕಬ್ಯಾಡಿ ಬೀಗ್ರೇ," ಹತ್ತುವಾಗ ಗಂಡಿನ ಕಡೆಯ ಬೀಗರು ಸಮಾಧಾನ ಹೇಳಿದರು. "ಗುಡ್ಡ ಆದ್ರೂ ಎಣ್ ಕೊಟ್ಟೋರೇ ಅಲ್ವಾ ನೀವು? ಮರ್ವಾದೇಲಿ ಏನೂ ಕಮ್ಮಿ ಮಾಡಕಿಲ್ಲ ನಾವು."

ಯಜಮಾನರು ಹೆಗಲ ಮೇಲಿನ ಕಂಬಳಿಯನ್ನು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು, ಅಷ್ಟೆ.

ತುದಿಯಲ್ಲಿ ಬೋಳು ಬಂಡೆ. ಅದರ ಮೇಲೊಂದು ಕಲ್ಲಿನ ದೀಪದ ಕಂಬ.

"ಮಿಸಿನ್ನ ಕಂಬದ್ ತುದೀಗಿಕ್ಕಿ ಸಾ" ಎಂದರು ಯಜಮಾನರು.

"ಕಂಬ ಜನ ನಿಲ್ಲಿಸಿದ್ದು. ಲೆಕ್ಕಕ್ಕೆ ಬರಲ್ಲ ಯಜಮಾನ್ರೇ."

"ನಮ್ಮಜ್ಜ ನಿಲ್ಸಿದ್ದು ಸಾ ಅದು. ಅಂಗಾರೆ ನಮ್ಮಜ್ಜ ಲೆಕ್ಕಕ್ಕಿಲ್ವಾ?"

"ಬೀಗ್ರೇ ಪ್ಯಾಟ ಸುತ್ಕಂಡು ಕಂಬದ್ ಮ್ಯಾಲೆ ನಿಂತ್ಕಳ್ಲಿ ಸಾ," ಬೀಗರು ನಡುವೆ ಬಾಯಿ ಹಾಕಿದರು. "ಇನ್ನೊಂದಾಳು ಸಿಕ್ತದೆ."

ನಾನು ಬಂಡೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಯಂತ್ರ ಕೂರಿಸಿದೆ. ಉಪಗ್ರಹಗಳ ಸಂಕೇತ ಹಿಡಿದು ಎತ್ತರ ಹೇಳುವ ಯಂತ್ರ ಅದು. ಗಂಟೆಗಟ್ಟಲೆ ಅಲುಗಾಡದೆ ನಿಲ್ಲಬೇಕು, ನಡುವೆ ಅಲುಗಿದರೆ ಅಳತೆ ರದ್ದು. ಅಳತೆ ಮುಗಿಯುವ ತನಕ ಹಳೆಯ ನಕ್ಷೆಯ ಹೆಸರೇ ಉಳಿಯುತ್ತದೆ ಎಂಬುದನ್ನೂ ವಿವರಿಸಿದೆ. ಇಬ್ಬರೂ ತಲೆಯಾಡಿಸಿದರು. ಆಮೇಲೆ ಯಜಮಾನರು ಚೀಲದಿಂದ ಅರಿಶಿನ, ಕುಂಕುಮ, ಮೂರು ನಿಂಬೆಹಣ್ಣು ತೆಗೆದರು.

ಹೊಸ ಟ್ರ್ಯಾಕ್ಟರಿಗೆ ಮಾಡುವ ಪೂಜೆಯನ್ನು ಬೆಟ್ಟದ ಹಣೆಬರಹ ಬರೆಯುವ ಯಂತ್ರಕ್ಕೆ ಮಾಡದೆ ಬಿಡುವುದುಂಟೇ? ಒಂದೊಂದು ಕಾಲಿನಡಿಗೂ ಒಂದೊಂದು ನಿಂಬೆಹಣ್ಣು. ಗುಂಡಿ ಒತ್ತಿದ ಕೂಡಲೇ ಯಂತ್ರ ನಾಲ್ಕು ಅಡಿ ಮುಂದೆ ಉರುಳಿ ಹಣ್ಣುಗಳನ್ನು ಅಪ್ಪಚ್ಚಿ ಮಾಡುತ್ತದೆ ಎಂದು ಅವರು ನಂಬಿದಂತಿತ್ತು.

"ಹಣ್ಣಿಟ್ಟರೆ ಎತ್ತರ ತಪ್ಪಾಗುತ್ತೆ" ಎಂದೆ.

"ಎಚ್ಚಾಯ್ತದಾ ಕಮ್ಮಿಯಾಯ್ತದಾ ಸಾ?"

"ಹೆಚ್ಚಾಗುತ್ತೆ."

"ಅಂಗಾರೆ ಇರ್ಲಿ ಬುಡಿ."

ಬೀಗರು ಬಂಡೆಗೊರಗಿ ನಕ್ಕರು. "ಕುಂಬ್ಳಕಾಯೇ ತರ್ಬೇಕಿತ್ತು ಬೀಗ್ರೇ!"

ನಾನು ಹಣ್ಣು ತೆಗೆಸುವ ವಾದದಲ್ಲಿ ಮುಳುಗಿದ್ದಾಗ ಯಜಮಾನರು ಧೂಪದ ಬಟ್ಟಲಿನ ಕೆಂಡದ ಮೇಲೆ ಸಾಂಬ್ರಾಣಿ ಸುರಿದರು. ಬಂಡೆಯ ಕೆಳಗಿನ ಚಾಚಿನಲ್ಲಿ ಹೆಜ್ಜೇನು ಕಟ್ಟಿರುವುದು ಊರಿಗೆಲ್ಲ ಗೊತ್ತಿತ್ತು. ದೇವರ ಹೊಗೆಗೆ ಅವು ಏನೂ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಕಾರ್ತಿಕದ ದೀಪ ಹಚ್ಚುವುದು ಕತ್ತಲಾದ ಮೇಲೆ, ಆಗ ಹುಳುಗಳು ಮಲಗಿರುತ್ತವೆ. ಈಗ ನೆತ್ತಿಯ ಮೇಲೆ ಬಿಸಿಲು. ಗಾಳಿ ಹೊಗೆಯನ್ನು ಅಂಚಿನಿಂದ ನೇರ ಕೆಳಕ್ಕೆ ಇಳಿಸಿತು.

ಮೊದಲು ಬಂದದ್ದು ಸದ್ದು. ಯಾರೋ ದೂರದಲ್ಲಿ ಜೀಪು ಹತ್ತಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಬಿಸಿಲು ಮಂಕಾಯಿತು.

"ಎಜ್ಜೇನು ಕಣ್ಲಾ! ಓಡ್ರಲಾ!" ಬೀಗರು ಕೂಗಿ ಓಡಿದರು. ಆದರೆ ಪಂಚೆ ಸ್ಟ್ಯಾಂಡಿಗೆ ಸಿಕ್ಕಿಕೊಂಡು, ಯಂತ್ರವನ್ನು ತಬ್ಬಿಕೊಂಡೇ ಬಿದ್ದು ಇಳಿಜಾರಿನಲ್ಲಿ ಉರುಳಿಹೋದರು. ನಾನು ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿದೆ. ಕುತ್ತಿಗೆಗೆ, ಕಿವಿಗೆ ಕಾದ ಸೂಜಿ ಚುಚ್ಚಿದಂತಾಯಿತು. ಉಸಿರೆಳೆದರೆ ಬಾಯೊಳಕ್ಕೇ ಬರುತ್ತಿದ್ದವು. ಅಷ್ಟರಲ್ಲಿ ಮೇಲೆ ಯಜಮಾನರ ಕಂಬಳಿ ಬಿತ್ತು.

"ಅಲ್ಲಾಡ್ಬ್ಯಾಡಿ ಸಾ! ಅಳೆಯೋರೇ ವಂಟೋದ್ರೆ ಬೆಟ್ಟ ಅಳೆಯೋರ್ಯಾರು?"

ಕಂಬಳಿಯೊಳಗೆ ಕತ್ತಲೆ, ಕುರಿಯ ವಾಸನೆ, ಹೊರಗೆ ಆ ಗುಂಯ್. ಕಂಬಳಿಯ ಅಂಚನ್ನು ನೆಲಕ್ಕೆ ಒತ್ತಿ ಹಿಡಿದ ಒಂದು ಕೈ ಮಾತ್ರ ಸಂದಿಯಿಂದ ಕಾಣುತ್ತಿತ್ತು. ಅದರ ಮೇಲೆ ಹುಳುಗಳು ಕೂರುತ್ತಲೇ ಇದ್ದವು. ಕೈ ಅಲ್ಲಾಡಲಿಲ್ಲ. ಒಳಗೆ ಇನ್ನೊಬ್ಬರಿಗೆ ಜಾಗವಿತ್ತು, ಬನ್ನಿ ಎಂದು ನಾನು ಕರೆಯಲಿಲ್ಲ. ಮಿಕ್ಸಿ ಶುರುವಾದಾಗಲೆಲ್ಲ ನನಗೆ ಕಾಣುವುದು ಆ ಕೈ.

ಕೊನೆಗೆ ಯಜಮಾನರೂ ನಾನೂ ತೆವಳಿ ಕೆಳಗಿಳಿದೆವು. ನಮ್ಮ ಜೀಪಿನ ಡ್ರೈವರು ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದ. "ಜೊತೇಲಿ ಹುಳ ಬಂದಿದ್ರೆ ಅವನ್ನ ಬಿಟ್ಟು ಬನ್ನಿ ಸಾ" ಎಂದು ಒಳಗಿನಿಂದಲೇ ಕೂಗಿದ.

ಅರಕಲಗೂಡಿನ ಆಸ್ಪತ್ರೆಯಲ್ಲಿ ನಮಗೆ ಅಕ್ಕಪಕ್ಕದ ಮಂಚ. ಯಜಮಾನರ ಮುಖ ಊದಿ ಕಣ್ಣು ಗೆರೆಯಾಗಿತ್ತು. ಡ್ರಿಪ್ಸು ಹತ್ತಿಸಿದ ಮೇಲೂ ಉಸಿರು ಎಳೆದೆಳೆದು ಬರುತ್ತಿತ್ತು. ಡಾಕ್ಟರು ಎರಡು ಸಲ ಬಂದು ನೋಡಿಹೋದರು. ಮೂರನೆಯ ಸಲ ಅವರ ಮುಖ ಸಡಿಲಾದಾಗ ನನಗೂ ಉಸಿರು ಬಂತು. ಯಜಮಾನರು ತುಟಿ ಬಿಚ್ಚಿ ಕೇಳಿದ ಮೊದಲ ಮಾತು:

"ಅಳ್ತೆ ಏನಾಯ್ತು ಸಾ?"

"ಯಂತ್ರ ಬಿತ್ತಲ್ಲ, ರದ್ದಾಯ್ತು. ಸದ್ಯಕ್ಕೆ ಹಳೇ ಹೆಸರೇ."

"ಬೆಟ್ಟ?"

"ಬೆಟ್ಟ."

ಊದಿದ ಆ ಮುಖ ನಗಲು ಪಟ್ಟ ಪಾಡು ನೋಡಲಾಗಲಿಲ್ಲ. ಆಚೆ ಮಂಚದಿಂದ ಬೀಗರು ನರಳುತ್ತಲೇ ಹೇಳಿದರು: "ಉಳ್ಳಾಡ್ಕಂಡು ಇಳ್ದೋನು ನಾನು. ನನ್ ಕೇಳಿ. ಅದು ಬೆಟ್ಟವೇ ಕಣಪ್ಪಾ, ಗುಡ್ಡ ಇಷ್ಟುದ್ದ ಇರಕಿಲ್ಲ."

ಮರು ಅಳತೆಗೆ ಆಮೇಲೆ ಯಾರೂ ಮುಂದೆ ಬರಲಿಲ್ಲ. ಒಮ್ಮೆ ಡ್ರೋನ್ ಕಳಿಸಿದರಂತೆ. ಅದು ಹಿಂಡನ್ನು ಬೆನ್ನಿಗೆ ಹಾಕಿಕೊಂಡು ಹಾರಿಸಿದವನ ಹತ್ತಿರಕ್ಕೇ ವಾಪಸು ಬಂತಂತೆ. ಅವನ ಮನೆಯಲ್ಲೂ ಈಗ ಮಿಕ್ಸಿ ಹಾಕುವುದಿಲ್ಲ ಎಂದು ಕೇಳಿದೆ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಯಜಮಾನರ ಮನೆ ಮುಂದೆ ಬೈಕು ನಿಲ್ಲಿಸಿದೆ, ಇಳಿಯಲಿಲ್ಲ. ಹೆಲ್ಮೆಟ್ಟೂ ತೆಗೆಯಲಿಲ್ಲ. ಅವರು ಹೊರಗೆ ಬಂದು, ಕಲೆ ಉಳಿದ ಆ ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದರು.

"ಇನ್ನೊಂದ್ಸಲಿ ಅಳೀತೀರಾ ಸಾ? ಸಾಂಬ್ರಾಣಿ ಆಕಕಿಲ್ಲ ಈ ಸಲ."

"ಅಳೆದಾಯ್ತಲ್ಲ ಯಜಮಾನ್ರೇ," ಎಂದೆ, "ಬೆಟ್ಟ."